ಹಟ್ಟಿಗೆ ಹೋದ ತಡ್ಪೆ: ಒಂದು ಪ್ರಕರಣ ಅಧ್ಯಯನ

ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯ ಆಪ್ತಸಮಾಲೋಚಕಿ ಅಂತ ತೋರಿಸಿಕೊಳ್ಳಲು ಬರೆದದ್ದಲ್ಲ ಇದು. ನಡುವೆ ಒಂದು ಕಡೆ ಚೆನ್ನಾಗಿಯೇ ಎಡವಿದ್ದೇನೆ. ಆದರೂ ಬರೆಯಬೇಕು ಅನ್ನಿಸಿತು. ಹಳೆಯದನ್ನು ಒಪ್ಪಿಕೊಳ್ಳಿ ಅಂತ ಬಂದವರಿಗೆಲ್ಲ ಹೇಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಹಳೆಯದರಲ್ಲಿ ಯಾವುದು ಚುಚ್ಚುತ್ತಿದೆ ಅಂತ ಕೇಳುವ ಹೊತ್ತಿಗೆ ನಮ್ಮದೇ ಒಂದು ಊಹೆ ಸಿದ್ಧವಾಗಿರುತ್ತದೆ. ಈ ಪ್ರಕರಣದಲ್ಲಿ ನನ್ನ ಊಹೆ ತಪ್ಪಿತ್ತು.

ಊರು, ಆಸ್ಪತ್ರೆ ಎರಡನ್ನೂ ಮರೆಮಾಡಿದ್ದೇನೆ. ಕೆಲವು ವಿವರಗಳನ್ನು, ಒಂದೆರಡು ವರ್ಷಗಳನ್ನು ಆಚೀಚೆ ಮಾಡಿದ್ದೇನೆ. ಇವರನ್ನು ಸಿಸ್ಟರ್ ಅಂತಷ್ಟೇ ಕರೆಯುತ್ತೇನೆ, ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಬರೆಯಲು ಇಬ್ಬರ ಒಪ್ಪಿಗೆ ಪಡೆದಿದ್ದೇನೆ. ಎರಡನೆಯವರ ವಿಷಯ ಆಮೇಲೆ.

ಹಿನ್ನೆಲೆ

ಸಿಸ್ಟರ್‌ಗೆ ಆಗ 38 ವರ್ಷ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಆರು ವರ್ಷಗಳಿಂದ ತಂಬಾಕು ಬಿಡಿಸುವ ಕ್ಲಿನಿಕ್ಕಿನಲ್ಲಿ ಇದ್ದರು. ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲನೆಯದು ಅಂತ ಕೇಳುವುದು, ಬಿಡುವ ದಿನ ಗೊತ್ತುಮಾಡಿಸುವುದು, ನಿಕೋಟಿನ್ ಗಮ್ಮನ್ನು ಸುಮ್ನೆ ಅಗಿಯುವುದಲ್ಲ, ಸ್ವಲ್ಪ ಅಗಿದು ದವಡೆಯ ಪಕ್ಕ ಇಟ್ಟುಕೊಳ್ಳಬೇಕು ಅಂತ ತೋರಿಸುವುದು, ವಾರಕ್ಕೊಮ್ಮೆ ಫೋನ್ ಮಾಡುವುದು. ಇದರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಹೊಸಬರಿಗೆ ತರಬೇತಿ ಕೊಡುವಾಗ ಒಂದು ಅಂಕಿಯನ್ನು ತಪ್ಪದೆ ಹೇಳುತ್ತಿದ್ದರು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇಕಡಾ 4, ಬೀಡಿ ಸೇದುವವರು ಶೇಕಡಾ 7.7. ನಾವು ಸಿಗರೇಟನ್ನೇ ಬೈಯುತ್ತಾ ಕೂರುತ್ತೇವೆ, ಬೀಡಿ ಮರೆತುಬಿಡುತ್ತೇವೆ ಅಂತ ಹೇಳುತ್ತಿದ್ದರಂತೆ. ಬೀಡಿ ಆಗಾಗ ಆರುತ್ತದೆ, ಉರಿಯಲು ಪದೇ ಪದೇ ಜೋರಾಗಿ ಎಳೆಯಬೇಕು, ಹಾಗಾಗಿ ಅಷ್ಟು ಚಿಕ್ಕದಾದರೂ ಒಳಗೆ ಹೋಗುವ ವಿಷ ಕಡಿಮೆಯೇನಲ್ಲ ಅಂತಲೂ ವಿವರಿಸುತ್ತಿದ್ದರು.

ಆ ಬೀಡಿ ಬರುವುದು ಎಲ್ಲಿಂದ ಅನ್ನುವುದು ಮಾತ್ರ ಅವರ ತರಬೇತಿಯಲ್ಲಿ ಇರಲಿಲ್ಲ.

ಅವರು ದಕ್ಷಿಣ ಕನ್ನಡದ ಒಂದು ಹಳ್ಳಿಯವರು. ಅಮ್ಮ ಬೀಡಿ ಕಟ್ಟುವವರು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬ್ರಾಂಚಿನಿಂದ, ಅಂದರೆ ಬೀಡಿ ಕೆಲಸ ಕೊಟ್ಟು ತೆಗೆದುಕೊಳ್ಳುವ ಜಾಗದಿಂದ, ಎಲೆ, ತಂಬಾಕು, ನೂಲು ತರಬೇಕು. ಎಲೆಯನ್ನು ಒದ್ದೆ ಮಾಡಿ ಹದಕ್ಕೆ ತಂದು, ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಒಂದೊಂದೇ ಎಲೆಗೆ ತಂಬಾಕು ಹಾಕಿ ಸುತ್ತಿ, ನೂಲು ಸುತ್ತಿ, ತುದಿ ಮಡಚಿ ಮುಚ್ಚಬೇಕು. 25 ಬೀಡಿಗೆ ಒಂದು ಕಟ್ಟು. ಅದನ್ನು ಬ್ರಾಂಚಿಗೆ ಒಯ್ದರೆ ಅಲ್ಲಿ ನೋಡಿ, ಒತ್ತಿ, ಸರಿಯಿಲ್ಲದ್ದನ್ನು ತೆಗೆದು ಬಿಸಾಡುತ್ತಾರೆ. ಬಿಸಾಡಿದ್ದಕ್ಕೆ ಕೂಲಿ ಇಲ್ಲ. ಎಲೆ ಕೆಟ್ಟದಿದ್ದು ಸಾಲದೆ ಬಂದರೆ ಕೈಯಿಂದ ದುಡ್ಡು ಹಾಕಿ ತಂದು ಲೆಕ್ಕ ತುಂಬಿಸಬೇಕು. ತಾಯಿ ಸುತ್ತಿದರೆ ಮಕ್ಕಳು ತುದಿ ಮುಚ್ಚುವುದು, ಕಟ್ಟು ಕಟ್ಟುವುದು. ಪಕ್ಕದಲ್ಲಿ ಆಕಾಶವಾಣಿ. ಸಿಸ್ಟರ್ 25ರ ಮಗ್ಗಿ ಕಲಿತದ್ದು ಶಾಲೆಗೆ ಹೋಗುವ ಮೊದಲೇ. ಅವರ ನೆನಪಿನ ಪ್ರಕಾರ ಅಮ್ಮ ದಿನಕ್ಕೆ ಆರೇಳು ನೂರು ಬೀಡಿ ಕಟ್ಟುತ್ತಿದ್ದರು.

ಅಪ್ಪ ಮುಂಬೈಯ ಹೋಟೆಲೊಂದರಲ್ಲಿ ಇದ್ದರು, ಹಣ ಬಂದರೆ ಬಂತು. ಮನೆ ನಡೆದದ್ದು ತಡ್ಪೆಯಿಂದ. ಬೀಡಿ ಕಾರ್ಮಿಕರಿಗೆ 1966ರ ಕಾಯ್ದೆ ಇತ್ತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆಯೂ ಬಂತು. ಆ ನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ಸ್ಕಾಲರ್‌ಶಿಪ್ ಇತ್ತು. ಸಿಸ್ಟರ್‌ಗೆ ಹೈಸ್ಕೂಲಿನಿಂದ ಅದು ಸಿಕ್ಕಿತು. ನರ್ಸಿಂಗ್ ಓದುವಾಗ ಬ್ಯಾಂಕ್ ಸಾಲ, ಅಮ್ಮನ ಒಂದು ಜೊತೆ ಬಳೆ, ಉಳಿದದ್ದು ಬೀಡಿಯ ಬೋನಸ್ಸು.

ಹೈಸ್ಕೂಲಿನ ಅರ್ಜಿಗಳಲ್ಲಿ ತಾಯಿಯ ಉದ್ಯೋಗ ಅನ್ನುವಲ್ಲಿ ಬೀಡಿ ಕಾರ್ಮಿಕೆ ಅಂತ ಇತ್ತು, ಸ್ಕಾಲರ್‌ಶಿಪ್ಪಿಗೆ ಅದು ಬೇಕೇ ಬೇಕು. ನರ್ಸಿಂಗ್ ಹಾಸ್ಟೆಲ್ಲಿನ ಫಾರಂ ತುಂಬುವಾಗ ಮೊದಲ ಸಲ ಗೃಹಿಣಿ ಅಂತ ಬರೆದರಂತೆ. ಯಾರೂ ಬರೆಸಲಿಲ್ಲ, ಕೈ ತಾನಾಗಿ ಬರೆಯಿತು. ಆಮೇಲೆ ಎಲ್ಲ ಕಡೆಯೂ ಅದೇ ಆಯಿತು.

ನನ್ನ ಬಳಿಗೆ ಬಂದದ್ದು

ಬಂದದ್ದು ಒಂದು ದೂರು. ಅರವತ್ತು ದಾಟಿದ ಒಬ್ಬ ಗಾರೆ ಕೆಲಸದವರ ಮೇಲೆ ಸಿಸ್ಟರ್ ಕಿರುಚಾಡಿದ್ದರು, ಅವರ ಮಗಳು ಬರೆದುಕೊಟ್ಟಿದ್ದಳು. ಆರು ವರ್ಷದಲ್ಲಿ ಮೊದಲ ದೂರು. ಮೇಲಿನವರು ಒಳ್ಳೆಯ ಮನಸ್ಸಿನಿಂದಲೇ, ಕೆಲಸದ ಒತ್ತಡ ಇರಬೇಕು, ಒಮ್ಮೆ ಮಾತಾಡಿ ಅಂತ ಕಳಿಸಿದರು. ಸಿಬ್ಬಂದಿಗಾಗಿ ವಾರಕ್ಕೆ ಎರಡು ದಿನ ನಾನು ಅಲ್ಲಿ ಕೂರುತ್ತಿದ್ದೆ.

ದೂರಿನಲ್ಲಿ ಇದ್ದದ್ದು ಇಷ್ಟೇ: ರೋಗಿಗೆ ಎಲ್ಲರೆದುರು ಅವಮಾನ ಮಾಡಿದ್ದಾರೆ. ನಾನೂ ಅಷ್ಟಕ್ಕೇ ಅಂಟಿಕೊಂಡೆ. ತಲೆನೋವು, ನಿದ್ದೆ ಇಲ್ಲ, ಮನೆಯಲ್ಲಿ ಮಗುವಿನ ಮೇಲೂ ರೇಗಾಟ. ಒತ್ತಡ ಅಂತ ಬರೆದುಕೊಂಡೆ. ಆ ಮುದುಕರು ಏನು ಹೇಳಿದ್ದಕ್ಕೆ ಸಿಟ್ಟು ಬಂತು ಅಂತ ಕೇಳಲು ನನಗೆ ಮೂರನೆಯ ಭೇಟಿಯವರೆಗೆ ಹೊಳೆಯಲಿಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಹೇಳಿದ್ದು ಹೀಗೆ: "ನಾನೇನೋ ಬಿಡ್ತೀನಿ ಸಿಸ್ಟರ್. ಕಟ್ಟೋರು ಬಿಡಲ್ವಲ್ಲ. ಜನಕ್ಕೆ ವಿಷ ಸುತ್ತಿ ಕೊಟ್ಟು ಹೊಟ್ಟೆ ಹೊರೀತಾರೆ."

ಬೀಡಿ ಬಿಡು ಅಂತ ಹೇಳುವ ಕುರ್ಚಿಯಲ್ಲಿ ಕೂತ ಸಿಸ್ಟರ್ ಆ ಕ್ಷಣ ಎದ್ದು ನಿಂತು, ನಿಮ್ಮ ಬಾಯಿಗೆ ಅವರು ಬಂದು ಇಟ್ಟರಾ ಅಂತ ಕೂಗಿದ್ದರು. ನೋಡಿದವರಿಗೆಲ್ಲ ಸೇದುವವನ ಮೇಲಿನ ಸಿಟ್ಟು ಅಂತ ಕಂಡಿತು. ನಿಜಕ್ಕೂ ಅದು ಕಟ್ಟುವವರ ಪರವಾಗಿ ಎದ್ದ ಸಿಟ್ಟು. ಕ್ಲಿನಿಕ್ಕಿನಲ್ಲಿ ಒಬ್ಬರಿಗೂ ಅವರ ಅಮ್ಮನ ವಿಷಯ ಗೊತ್ತಿರಲಿಲ್ಲವಲ್ಲ, ತಿಳಿಯುವುದಾದರೂ ಹೇಗೆ?

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳಬೇಕು. ಮಾತಾಡುವಾಗ ಸಿಸ್ಟರ್ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ ಟಿಕೆಟ್, ಬಿಲ್ಲಿನ ಚೂರು, ಏನು ಸಿಕ್ಕರೂ ಹೆಬ್ಬೆರಳು ತೋರುಬೆರಳ ನಡುವೆ ಸುತ್ತಿ ಸುತ್ತಿ, ಒಂದು ತುದಿ ದಪ್ಪ ಒಂದು ತುದಿ ಸಪೂರ ಮಾಡಿ, ತುದಿಯನ್ನು ಉಗುರಿನಿಂದ ಒಳಗೆ ಮಡಚುವುದು. ಮೂರು ಭೇಟಿಗಳಲ್ಲಿ ನನ್ನ ಮೇಜಿನ ಮೇಲೆ ಇಂಥ ಹತ್ತಾರು ಸುರುಳಿ ಬಿದ್ದಿದ್ದವು. ಆತಂಕದ ಲಕ್ಷಣ ಅಂತ ಬರೆದಿಟ್ಟಿದ್ದೆ. ತುಮಕೂರು ಕಡೆಯವಳು ನಾನು, ಬೀಡಿ ಕಟ್ಟುವುದನ್ನು ಯಾವತ್ತೂ ನೋಡಿರಲಿಲ್ಲ.

ಮೊದಲು ಮಾಡಿದ್ದು, ಮತ್ತು ನನ್ನ ತಪ್ಪು

ಅಮ್ಮನ ವಿಷಯ ಹೊರಬಂದ ಮೇಲೆ ಬರವಣಿಗೆ ಕೊಟ್ಟೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಶುರುಮಾಡಿದ ಕ್ರಮ ಅದು. ದಿನಕ್ಕೆ ಹದಿನೈದು ನಿಮಿಷ, ನಾಲ್ಕು ದಿನ, ಮನಸ್ಸಿಗೆ ಭಾರವಾದದ್ದನ್ನು ಯಾರಿಗೂ ತೋರಿಸುವ ಹಂಗಿಲ್ಲದೆ ಬರೆಯುವುದು. ತುಂಬಾ ಜನಕ್ಕೆ ಹಗುರವಾಗುತ್ತದೆ. ಸಿಸ್ಟರ್ ನಾಲ್ಕು ದಿನ ಬರೆದು, ಬೇಡ ಅಂದರೂ ತಂದು ತೋರಿಸಿದರು. ವಾರ್ಡಿನ ವರದಿ ಇದ್ದ ಹಾಗಿತ್ತು. ತಾಯಿ, 62 ವರ್ಷ, ಬೆನ್ನುನೋವು, ಒಣ ಕೆಮ್ಮು, ತಂಬಾಕು ಧೂಳಿನ ಸಂಪರ್ಕ ನಲವತ್ತೈದು ವರ್ಷ. ಓದುತ್ತಾ ಹೋದರೆ ಬರೆದವರು ಎಲ್ಲಿಯೂ ಇಲ್ಲ.

ಆಗ ನಾನು ಆ ದೊಡ್ಡ ತಪ್ಪು ಮಾಡಿದೆ. ಬಡತನದ ನಾಚಿಕೆ ಇದು ಅಂತ ತೀರ್ಮಾನಿಸಿಬಿಟ್ಟೆ. ನಾಚಿಕೆಗೆ ಮದ್ದು ಹೆಮ್ಮೆ, ಅಲ್ವಾ? ನಿಮ್ಮ ಅಮ್ಮ ಎಷ್ಟು ದೊಡ್ಡ ತ್ಯಾಗ ಮಾಡಿದ್ದಾರೆ ನೋಡಿ, ಅವರ ಬೆರಳುಗಳಿಂದಲೇ ನೀವು ಇವತ್ತು ಇಲ್ಲಿದ್ದೀರಿ, ಇದನ್ನು ತಲೆ ಎತ್ತಿ ಹೇಳಿಕೊಳ್ಳಬೇಕು, ಹೀಗೆ ಹತ್ತು ನಿಮಿಷ ಹೇಳಿದೆ. ಮಾತು ಚೆನ್ನಾಗಿಯೇ ಬಂದಿತ್ತು ಅಂತ ಆಗ ಅನ್ನಿಸಿತ್ತು. ಸಿಸ್ಟರ್ ಹೌದು ಮೇಡಂ, ಹೌದು ಮೇಡಂ ಅಂದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರು ವಾರ ಫೋನೂ ಎತ್ತಲಿಲ್ಲ.

ಆ ಮೂರು ವಾರದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ನನ್ನ ಟಿಪ್ಪಣಿಗಳನ್ನು ಮತ್ತೆ ಓದಿದ್ದು. ನಾನು ಅವರ ಅಮ್ಮನನ್ನು ಹೊಗಳಿದಷ್ಟೂ ಅವರು ಕುರ್ಚಿಯಲ್ಲಿ ಕುಗ್ಗುತ್ತಾ ಹೋಗಿದ್ದರು. ಬಡತನಕ್ಕೆ ನಾಚಿಕೊಳ್ಳುವವರಿಗೆ ಆ ಹೊಗಳಿಕೆ ಒಂಚೂರಾದರೂ ಹಿತ ಕೊಡಬೇಕಿತ್ತು. ಇವರಿಗೆ ಅದು ಪೆಟ್ಟಾಗಿತ್ತು. ಅಂದರೆ ಅಲ್ಲಿ ಬೇರೆ ಏನೋ ಇತ್ತು. "ಅವತ್ತು ನಾನು ನಿಮ್ಮ ಮಾತು ಕೇಳದೆ ನನ್ನದೇ ಹೇಳಿಬಿಟ್ಟೆ, ಕ್ಷಮಿಸಿ. ಬಂದರೆ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ" ಅಂತ ಒಂದು ಮೆಸೇಜ್ ಹಾಕಿದೆ. ಎರಡು ದಿನ ಬಿಟ್ಟು ಬಂದರು.

ಹಗ್ಗ, ಕಲ್ಲು, ಹೂವು

ಯುದ್ಧ, ಹಿಂಸೆ ಕಂಡವರಿಗಾಗಿ ರೂಪಿಸಿದ ಒಂದು ಚಿಕಿತ್ಸೆಯಲ್ಲಿ ಬದುಕಿನ ರೇಖೆ ಅಂತ ಒಂದು ಭಾಗ ಇದೆ. ನೆಲದ ಮೇಲೆ ಒಂದು ಹಗ್ಗ ಹಾಸುವುದು. ಒಂದು ತುದಿ ಹುಟ್ಟು, ಇನ್ನೊಂದು ತುದಿಯ ಸುರುಳಿ ಇನ್ನೂ ಬಿಚ್ಚದ ನಾಳೆ. ಒಳ್ಳೆಯದಾದ ಕಡೆ ಹೂವು, ಕೆಟ್ಟದಾದ ಕಡೆ ಕಲ್ಲು. ಆ ಚಿಕಿತ್ಸೆ ಇಡಿಯಾಗಿ ಇವರಿಗೆ ಬೇಕಿರಲಿಲ್ಲ. ನಾನು ಹಗ್ಗವನ್ನಷ್ಟೇ ಎರವಲು ತಂದೆ. ಮಾತು ವರದಿ ಆಗಿಬಿಡುವವರಿಗೆ ಕೈಗೆ ಕೆಲಸ ಕೊಟ್ಟರೆ ಒಳ್ಳೆಯದು ಅನ್ನಿಸಿತ್ತು.

ಅಪ್ಪ ತೀರಿಹೋದ ಕಡೆ ಕಲ್ಲು. ನರ್ಸಿಂಗ್ ಸೀಟು ಸಿಕ್ಕಲ್ಲಿ ಹೂವು. ಮಗು ಹುಟ್ಟಿದಲ್ಲಿ ಹೂವು. ಬೇಗ ಬೇಗ ಇಟ್ಟರು. ಬೀಡಿಗೆ ಮಾತ್ರ ಏನೂ ಇಡಲಿಲ್ಲ. ನಾನು ಕೇಳಲೂ ಇಲ್ಲ. ಹೂವುಗಳ ಸಾಲಿನಲ್ಲಿ ಮದುವೆ ಕಾಣಲಿಲ್ಲ ಅಂತಷ್ಟೇ ಹೇಳಿದೆ. ಸಿಸ್ಟರ್ ಮದುವೆಯ ವರ್ಷದ ಹತ್ತಿರ ಕೂತು, ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಅಲ್ಲಿ ಇಟ್ಟರು.

2012ರ ಜೂನ್. ಹುಡುಗನ ಕಡೆಯವರು ನೋಡಲು ಬರುವವರಿದ್ದರು. ಪೇಟೆಯ ಜನ, ಓದಿದವರು. ಬೆಳಿಗ್ಗೆ ಅಮ್ಮ ಬಚ್ಚಲಿಗೆ ಹೋದ ಹೊತ್ತಿನಲ್ಲಿ ಸಿಸ್ಟರ್ ತಡ್ಪೆ, ಎಲೆಯ ಗೋಣಿ, ತಂಬಾಕಿನ ಚೀಲ, ಕತ್ತರಿ, ಕಟ್ಟಿಟ್ಟ ಬೀಡಿ, ಎಲ್ಲವನ್ನೂ ಒಯ್ದು ಪಕ್ಕದ ಮನೆಯ ಹಟ್ಟಿಯಲ್ಲಿ, ದನ ಕಟ್ಟುವ ಜಾಗದ ಮೂಲೆಯಲ್ಲಿ ಇಟ್ಟುಬಂದರು. ಮನೆಯ ಚಾವಡಿಯನ್ನು, ಅಂದರೆ ಮುಂದಿನ ಪಡಸಾಲೆಯನ್ನು, ಫಿನಾಯಿಲ್ ಹಾಕಿ ಒರೆಸಿದರು. ಅಗರಬತ್ತಿ ಹಚ್ಚಿದರು. ಅಮ್ಮ ಬಂದು ಖಾಲಿ ಮೂಲೆ ನೋಡಿದರು, ಮಗಳ ಮುಖ ನೋಡಿದರು, ಒಳಗೆ ಹೋಗಿ ಸೀರೆ ಬದಲಿಸಿದರು. ಬಂದವರು ಅಮ್ಮ ಏನು ಮಾಡುತ್ತಾರೆ ಅಂತ ಕೇಳಿದಾಗ ಸಿಸ್ಟರೇ ಉತ್ತರ ಕೊಟ್ಟರು: ಮನೆಯಲ್ಲೇ ಇರುವುದು. ಅವತ್ತು ಸಂಜೆ ಜೋರು ಮಳೆ. ಹಟ್ಟಿಯ ಮಾಡು ಸೋರಿತು. ಆ ವಾರದ ಎಲೆ, ತಂಬಾಕು, ಬೀಡಿ ಪೂರ್ತಿ ಹಾಳು. ಬ್ರಾಂಚಿನವರಿಗೆ ಅಮ್ಮ ಏನು ಹೇಳಿದರೋ, ಹೇಗೆ ತುಂಬಿಸಿಕೊಟ್ಟರೋ ಮಗಳಿಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ.

ಮದುವೆ ಆಯಿತು. ಗಂಡನಿಗೆ ಹನ್ನೊಂದು ವರ್ಷಗಳಿಂದ ಅತ್ತೆ ಅಂದರೆ ಹೌಸ್‌ವೈಫ್. 2015ರಲ್ಲಿ ಅಮ್ಮ ಬೀಡಿ ಕಟ್ಟುವುದು ಬಿಟ್ಟೆ ಅಂತ ಫೋನಿನಲ್ಲಿ ಹೇಳಿದರು, ಸಿಸ್ಟರ್‌ಗೆ ನಿರಾಳವಾಯಿತು. ಹಿಂದಿನ ವರ್ಷ ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗಿ, "ಅಕ್ಕಾ, ನೀವು ಬರುದು ಅಂತ ದೊಡ್ಡಮ್ಮ ನಿನ್ನೆಯೇ ತಡ್ಪೆ ನಮ್ಮಲ್ಲಿ ಇಟ್ಟಿದ್ದಾರೆ" ಅಂದುಬಿಟ್ಟಳು. ಅಮ್ಮ ಬಿಟ್ಟೇ ಇರಲಿಲ್ಲ. ಇಷ್ಟು ವರ್ಷವೂ ಮಗಳು ಅಳಿಯ ಬರುತ್ತಾರೆ ಅಂದರೆ ತಾನೇ ಎತ್ತಿಕೊಂಡು ಹೋಗಿ ಅಡಗಿಸಿಡುತ್ತಿದ್ದರು.

"ನಾನು ಕಲಿಸಿದ್ದು ಮೇಡಂ ಅದು," ಅಂದರು ಸಿಸ್ಟರ್. "ಅವರು ಕಲಿತರು."

ತಲೆನೋವು ಶುರುವಾದದ್ದು ಆ ಭೇಟಿಯ ನಂತರ. ಗಾರೆಯವರ ಮಾತಿಗೆ ಇನ್ನೂ ಎರಡು ತಿಂಗಳಿತ್ತು.

ಈ ಪ್ರಕರಣದ ತಿರುವು ನನ್ನ ಮಟ್ಟಿಗೆ ಇದೇ. ಬೀಡಿ ಕಟ್ಟಿದ ಬಾಲ್ಯ ಅವರನ್ನು ಅಷ್ಟೇನೂ ಕಾಡುತ್ತಿರಲಿಲ್ಲ, ಕೇಳಿದರೆ ಆಕಾಶವಾಣಿಯ ಹಾಡು, ಮಗ್ಗಿ ಅಂತ ನಗುತ್ತಲೇ ಹೇಳುತ್ತಿದ್ದರು. ಆ ಬಾಲ್ಯವನ್ನು ದಾಟುವ ಆತುರದಲ್ಲಿ ತಾನು ಮಾಡಿದ್ದು ಕಾಡುತ್ತಿತ್ತು. ನಮಗೆ ಯಾರೋ ಮಾಡಿದ ಅನ್ಯಾಯವನ್ನು, ಬಂದ ಕಷ್ಟವನ್ನು ಒಪ್ಪಿಕೊಳ್ಳುವುದಕ್ಕೆ ಎಷ್ಟೊಂದು ಪುಸ್ತಕ, ಎಷ್ಟೊಂದು ವಿಧಾನ. ನಾವೇ ಮಾಡಿದ್ದು ಬಂದಾಗ ನಾವು ಸಮಾಲೋಚಕರೂ ತಡಬಡಾಯಿಸಿ, ಆಗ ನಿಮಗೆ ವಯಸ್ಸು ಚಿಕ್ಕದು ಅಂತ ತೇಲಿಸಿಬಿಡುತ್ತೇವೆ. ಅವರಿಗೆ ಆಗ 27. ಚಿಕ್ಕದೇನಲ್ಲ. ನಾನು ಆ ಮಾತು ಹೇಳಲಿಲ್ಲ.

ಏನು ಮಾಡುವುದು

ಯಾರಿಗೆ ಮೊದಲು ಹೇಳಬೇಕು ಅನ್ನುವುದರ ಮೇಲೆ ಎರಡು ಭೇಟಿ ಹೋಯಿತು. ಸಿಸ್ಟರ್‌ಗೆ ಗಂಡನಿಗೆ ಹೇಳಿಬಿಡುವ ಆತುರ. ಒಮ್ಮೆ ಹೇಳಿಬಿಟ್ಟರೆ ಭಾರ ಇಳಿಯುತ್ತದೆ ಅನ್ನುವ ಲೆಕ್ಕ. ನಾನು ಒಂದೇ ಪ್ರಶ್ನೆ ಕೇಳಿದೆ. ಆ ವಿಷಯ ಯಾರದ್ದು? ಅಮ್ಮನ ಕೆಲಸವನ್ನು ಅಮ್ಮನನ್ನು ಕೇಳದೆ ಅಡಗಿಸಿದ್ದಾಯಿತು, ಈಗ ಅಮ್ಮನನ್ನು ಕೇಳದೆ ಬಹಿರಂಗ ಮಾಡುವುದೂ ಅದೇ ಜಾತಿಯದ್ದಾಗುವುದಿಲ್ಲವಾ ಅಂತ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮೊದಲು ಊರಿಗೆ ಹೋಗುತ್ತೇನೆ ಅಂದರು. ಒಬ್ಬರೇ, ಹೇಳದೆ, ವಾರದ ನಡುವೆ.

ಒಂದು ಎಚ್ಚರಿಕೆ ಕೊಟ್ಟೆ. ಕಾಲಿಗೆ ಬಿದ್ದು ಅಳುವ ಪ್ಲಾನು ಇದ್ದರೆ ಬಿಡಿ, ಮಗಳು ಅತ್ತರೆ ಅಮ್ಮ ಸಮಾಧಾನ ಮಾಡಬೇಕಾಗುತ್ತದೆ, ಅಲ್ಲಿಗೆ ಅಮ್ಮ ಹೇಳಬೇಕಾದದ್ದು ಅವರ ಗಂಟಲಲ್ಲೇ ಉಳಿಯುತ್ತದೆ. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಪೂರ್ತಿ ಸರಿಯಾದದ್ದು ಇದೊಂದೇ ಇರಬೇಕು.

ಆಮೇಲಿನದ್ದು ಸಿಸ್ಟರ್ ಹೇಳಿದ್ದು. ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಒಂಬತ್ತಕ್ಕೆ ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಚಾವಡಿಯಲ್ಲಿ ಕಾಲು ಚಾಚಿ ಕೂತು ಕಟ್ಟುತ್ತಿದ್ದರು. ಮಗಳನ್ನು ಕಂಡವರೇ ತಡ್ಪೆಯನ್ನು ಸೆರಗಿನಲ್ಲಿ ಮುಚ್ಚಿ ಏಳಲು ಹೋದರು. ಮಂಡಿ ಹಿಡಿದುಕೊಂಡಿತು, ತಂಬಾಕು ಚೆಲ್ಲಿತು. ಇರಲಿ ಅಮ್ಮ ಅಂತ ಸಿಸ್ಟರ್ ಪಕ್ಕ ಕೂತರು. ಚೆಲ್ಲಿದ್ದನ್ನು ಗುಡಿಸಿ ತಡ್ಪೆಗೆ ಹಾಕಿದರು. ಸುಮಾರು ಹೊತ್ತು ಇಬ್ಬರಿಗೂ ಮಾತಿಲ್ಲ. ಸಿಸ್ಟರ್ ಒಂದು ಎಲೆ ತೆಗೆದುಕೊಂಡು ಸುತ್ತಿದರು, ಇನ್ನೊಂದು, ಮತ್ತೊಂದು. ಅಮ್ಮ ಒಂದನ್ನು ಎತ್ತಿ ಒತ್ತಿ ನೋಡಿ, ಬಿಚ್ಚಿ ತಂಬಾಕನ್ನು ವಾಪಸ್ ಸುರಿದರು. ಸಡಿಲ ಆಗಿದೆ, ಇದನ್ನು ಬ್ರಾಂಚಿನಲ್ಲಿ ಬಿಸಾಡುತ್ತಾರೆ, ನೀನು ತುದಿ ಮುಚ್ಚು ಸಾಕು ಅಂದರು.

ಮಧ್ಯಾಹ್ನ ಊಟ ಆದ ಮೇಲೆ ಸಿಸ್ಟರ್ ಹಟ್ಟಿಯ ವಿಷಯ ತೆಗೆದರು. ಅಮ್ಮ ಮರೆತಿರಬಹುದು ಅನ್ನುವ ಒಂದು ಆಸೆ ಒಳಗೆ ಇತ್ತಂತೆ. ಅಮ್ಮ ಯಾವುದನ್ನೂ ಮರೆತಿರಲಿಲ್ಲ. ಎಲೆ ಹೋದದ್ದು ಹೋಯಿತು, ನನ್ನ ಕತ್ತರಿಯನ್ನೂ ಯಾಕೆ ಕೊಂಡುಹೋದೆ, ಅದು ನಿನ್ನ ಅಜ್ಜಿಯದು, ತುಕ್ಕು ಹಿಡಿದು ಆಮೇಲೆ ಎಷ್ಟು ಮಸೆದರೂ ಸರಿ ಬರಲಿಲ್ಲ ಅಂದರು. ಸಿಸ್ಟರ್ ತಪ್ಪಾಯಿತು ಅಂದರು. ಅಮ್ಮ ಪರವಾಗಿಲ್ಲ ಅನ್ನಲಿಲ್ಲ. ತುಳುವಿನಲ್ಲಿ ಹೇಳಿದ್ದನ್ನು ಸಿಸ್ಟರ್ ನನಗೆ ಕನ್ನಡಕ್ಕೆ ತಿರುಗಿಸಿ ಹೇಳಿದರು: "ಅವತ್ತು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ನಾನೇ ತೆಗೆದಿಡುತ್ತಿದ್ದೆ. ನಿನ್ನ ಮದುವೆ ಮುರಿಯಬೇಕು ಅಂತ ನನಗೆ ಇತ್ತಾ?"

ಸಿಸ್ಟರ್ ಇನ್ನೊಂದನ್ನೂ ಕೇಳಿದರು. ನಾನು ಅಲ್ಲಿ ಕೂತು ಬೀಡಿ ಬಿಡಿ ಅಂತ ಹೇಳುತ್ತೇನಲ್ಲ, ನಿನಗೆ ಬೇಜಾರು ಇಲ್ಲವಾ ಅಂತ. ಅಮ್ಮ ನಕ್ಕರು. ಹೇಳು, ಹೇಳಲೇಬೇಕು, ನಿನ್ನ ಮಾವ ಕೆಮ್ಮಿ ಕೆಮ್ಮಿ ಹೋದದ್ದನ್ನು ನಾನೂ ನೋಡಿದ್ದೇನೆ. ಆದರೆ ನಾನು ಅದು ಬಿಟ್ಟು ಎಂತ ಮಾಡಬೇಕಿತ್ತು ಅಂತಲೂ ಒಬ್ಬರು ಹೇಳಲಿ. ಇದಕ್ಕೆ ಸಿಸ್ಟರ್ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಏನಾಯಿತು

ಅಮ್ಮ ಹೂಂ ಅಂದ ಮೇಲೆ ಗಂಡನಿಗೆ ಹೇಳಿದರು. ಅವರಿಗೆ ಬೀಡಿಯ ಬಗ್ಗೆ ಏನೂ ಇರಲಿಲ್ಲ, ಹನ್ನೊಂದು ವರ್ಷದ ಸುಳ್ಳಿನ ಬಗ್ಗೆ ಇತ್ತು. ಒಂದು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ನನ್ನನ್ನು ಅಷ್ಟು ಸಣ್ಣವನು ಅಂದುಕೊಂಡಿದ್ದೆಯಾ ಅಂತ ಕೇಳಿದರಂತೆ, ನ್ಯಾಯವಾದ ಪ್ರಶ್ನೆಯೇ. ಈಗ ಸರಿಯಾಗಿದ್ದಾರೆ, ಆದರೆ ಜಗಳವಾದಾಗ ಆ ಮಾತು ಬರುತ್ತದೆ. ಗಂಡನ ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳುವ ಯೋಚನೆಯೂ ಇಲ್ಲ. ಹೇಳಲೇಬೇಕು ಅಂತ ನನಗೂ ಅನ್ನಿಸುವುದಿಲ್ಲ.

ಗಾರೆ ಕೆಲಸದವರಿಗೆ ಸಿಸ್ಟರೇ ಫೋನ್ ಮಾಡಿ ಕ್ಷಮೆ ಕೇಳಿದರು. ನನ್ನ ಅಮ್ಮ ಬೀಡಿ ಕಟ್ಟುವವರು, ಅದಕ್ಕೇ ಸಿಟ್ಟು ಬಂತು ಅಂತ ಅವರಿಗೂ ಹೇಳಿದರು. ಕ್ಲಿನಿಕ್ಕಿನಲ್ಲಿ ಆ ಮಾತು ಮೊದಲು ಹೋದದ್ದು ಒಬ್ಬ ರೋಗಿಗೆ, ಸಹೋದ್ಯೋಗಿಗಳಿಗೆ ಆಮೇಲೆ. ಗಾರೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಕಟ್ಟಿದ ಮನೆಯೂ ಎರಡು ಬಿದ್ದಿದೆ ಬಿಡಮ್ಮ ಅಂದರಂತೆ. ಕ್ಲಿನಿಕ್ಕಿಗೆ ಮತ್ತೆ ಬರಲು ಶುರುಮಾಡಿದರು. ಬೀಡಿ ಪೂರ್ತಿ ಬಿಟ್ಟರಾ ಅಂತ ಕೇಳಿದರೆ, ಇಲ್ಲ, ನಾಲ್ಕಕ್ಕೆ ಇಳಿದಿದ್ದಾರೆ.

ತಲೆನೋವು ಕಡಿಮೆಯಾಗಿದೆ, ಹೋಗಿಲ್ಲ. ನಿದ್ದೆ ಬರುತ್ತದೆ. ಕಾಗದ ಸುತ್ತುವುದು ನಿಂತಿಲ್ಲ, ನಿಲ್ಲಿಸಬೇಕು ಅಂತ ನಾವಿಬ್ಬರೂ ಈಗ ಹೇಳುವುದಿಲ್ಲ. ಬೀಡಿ ಸುತ್ತಿ ಪಳಗಿದ ಆ ಬೆರಳುಗಳೇ ಇಂಜೆಕ್ಷನ್ ಕೊಡುವಾಗ ನಡುಗುವುದಿಲ್ಲ, ಇದನ್ನು ಅವರೇ ಒಮ್ಮೆ ಗಮನಿಸಿ ಹೇಳಿದ್ದು. ಊರಲ್ಲಿ ಅಮ್ಮ ಮಲಗುವ ಕೋಣೆಯಿಂದ ತಂಬಾಕಿನ ಚೀಲವನ್ನು ಹೊರಗಿನ ಕೋಣೆಗೆ ಹಾಕಿಸಿದ್ದಾರೆ. ಈ ಸಲ ಕೇಳಿಯೇ. ತಂಬಾಕು ಬರೀ ಹೊಗೆಯಾಗಿ ಅಲ್ಲ, ಮುಟ್ಟುವವರ ಚರ್ಮದಿಂದಲೂ ಧೂಳಿನಿಂದಲೂ ಒಳಗೆ ಸೇರುತ್ತದೆ ಅನ್ನುವುದು ಈಗ ಅವರ ತರಬೇತಿಯ ಒಂದು ಭಾಗ. ಕಟ್ಟುವವರೂ ರೋಗಿಗಳೇ ಆಗಬಹುದು ಅಂತ ಶುರುಮಾಡುತ್ತಾರೆ. ಆ ಭಾಗ ಹೇಳುವಾಗ ದನಿ ಸ್ವಲ್ಪ ಜಾಸ್ತಿಯೇ ಏರುತ್ತದೆ ಅಂತ ಕೇಳಿದ್ದೇನೆ.

ಮೇ 12ರ ದಾದಿಯರ ದಿನಕ್ಕೆ ಆಸ್ಪತ್ರೆಯವರು ವೇದಿಕೆಯ ಮೇಲೆ ನಿಮ್ಮ ಕಥೆ ಹೇಳಿ, ಎಲ್ಲರಿಗೂ ಸ್ಫೂರ್ತಿ ಆಗುತ್ತದೆ ಅಂದರು. ಒಂದು ವರ್ಷದ ಹಿಂದೆ ಆಗಿದ್ದರೆ ನಾನೇ ಹೋಗಿ ಅಂತ ತಳ್ಳುತ್ತಿದ್ದೆ. ಸಿಸ್ಟರ್ ಒಪ್ಪಲಿಲ್ಲ. "ಬಡವರ ಮಗಳು ಮೇಲೆ ಬಂದಳು ಅಂತ ಹೇಳಿದ್ರೆ ಎಲ್ಲ ಚಪ್ಪಾಳೆ ತಟ್ಟುತ್ತಾರೆ ಮೇಡಂ. ಹಟ್ಟಿಯ ವಿಷಯ ಹೇಳಿದ್ರೆ ತಟ್ಟುತ್ತಾರಾ? ಅದು ಬಿಟ್ಟು ಹೇಳಿದ್ರೆ ನಾನು ಮತ್ತೆ ಅಡಗಿಸಿದ ಹಾಗೆಯೇ ಆಯ್ತಲ್ಲ."

ಇದರಿಂದ ನಾನು ಕಲಿತದ್ದು ಒಂದೆರಡು ಇದೆ. ದೂರಿನಲ್ಲಿ ಏನಿದೆ ಅನ್ನುವುದನ್ನು ಓದಿ ನಿಲ್ಲಿಸದೆ, ಅದರ ಹಿಂದಿನ ಮಾತು ಯಾವುದು ಅಂತ ಮೊದಲ ದಿನವೇ ಕೇಳುತ್ತೇನೆ ಈಗ. ಹೆಮ್ಮೆ ಪಡಿ ಅನ್ನುವ ಮಾತನ್ನು ಬಾಯಿಗೆ ಬಂದರೂ ನುಂಗುತ್ತೇನೆ, ಎದುರಿನವರಿಗೆ ತಾನು ನೋಯಿಸಿದವರ ಬಗ್ಗೆಯೇ ಹೆಮ್ಮೆ ಪಡು ಅಂತ ಹೇಳಿದ ಹಾಗೆ ಆಗಬಹುದಲ್ಲ. ಗಂಡನಿಗಿಂತ ಮೊದಲು ಅಮ್ಮ ಅನ್ನುವ ಆ ಒಂದು ಕ್ರಮ ತಪ್ಪಿದ್ದರೆ ಇಡೀ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ, ಸಿಸ್ಟರ್‌ಗೂ ಹಾಗೇ ಅನ್ನಿಸುತ್ತದೆ. ಆದರೆ ಇದು ಎಲ್ಲರಿಗೂ ಹೊಂದುವ ಮಾತಲ್ಲ. ಅವರ ಅಮ್ಮ ಬದುಕಿದ್ದರು, ಮಾತಾಡಲು ಸಿಕ್ಕರು, ಬೈಯುವಷ್ಟು ಗಟ್ಟಿ ಇದ್ದರು. ಆ ಅದೃಷ್ಟ ಇಲ್ಲದವರು ನನ್ನ ಬಳಿ ಇನ್ನೂ ಜಾಸ್ತಿ ಬರುತ್ತಾರೆ, ಅವರ ಹಗ್ಗದ ಮೇಲಿನ ಕಲ್ಲನ್ನು ಏನು ಮಾಡಬೇಕು ಅನ್ನುವುದು ಬೇರೆಯದೇ ಕೆಲಸ.

ಇದನ್ನು ಬರೆಯುತ್ತೇನೆ ಅಂದಾಗ ಸಿಸ್ಟರ್ ತಕ್ಷಣ, ಅಮ್ಮನನ್ನು ಕೇಳಬೇಕು ಅಂದರು. ಕರಡನ್ನು ಫೋನಿನಲ್ಲಿ ಓದಿ ತುಳುವಿನಲ್ಲಿ ವಿವರಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಆ ಕಡೆಯಿಂದ ತುಂಬಾ ಹೊತ್ತು ಏನೂ ಕೇಳಲಿಲ್ಲ, ರೇಡಿಯೋ ಮಾತ್ರ ಕೇಳುತ್ತಿತ್ತು. ಹಟ್ಟಿಯ ಭಾಗ ಬಂದಾಗಲೂ ಸುಮ್ಮನಿದ್ದರು. ಮುಗಿದ ಮೇಲೆ, ಬರೆಯಲಿ, ಆದರೆ ಒಂದು ತಪ್ಪು ಉಂಟು ಅಂದರು. ದಿನಕ್ಕೆ ಆರೇಳು ನೂರು ಅಂತ ಯಾರು ಹೇಳಿದ್ದು? ಅದು ಈಗ. ನೀನು ಪಕ್ಕದಲ್ಲಿ ಕೂತು ತುದಿ ಮುಚ್ಚಿಕೊಡುತ್ತಿದ್ದಾಗ ಸಾವಿರ.